ಯಾತಕ್ಕೆ ಸ್ತೋತ್ರ

“ಸ್ತೋ...ತ್ರವಪ್ಪಾ, ಸ್ತೋತ್ರ!” ಎಂದು ಪಾಸ್ಟರ್ ದನಿಯನ್ನು ಚಾವಣಿಯ ಶೀಟಿನವರೆಗೂ ಎಳೆದಾಗ, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಮುನಿಕೃಷ್ಣ ಸದ್ದಿಲ್ಲದೆ ತುಟಿಯಲ್ಲೇ ಅದನ್ನು ಎಳೆದು ನೋಡಿದ. ಪಾಸ್ಟರು ಮೈಕು ಸಿಕ್ಕರೆ ಮೈ ಮರೆಯುವ ಆಸಾಮಿ. ನಾಳೆ ದಾಬಸ್‌ಪೇಟೆ ಗೋಡೌನಿನಲ್ಲಿ ಊಟದ ಹೊತ್ತಿಗೆ ಅಣಕಿಸಿ ನಗಿಸಲು ಒಳ್ಳೆಯ ಸರಕು. ಮ್ಯಾನೇಜರು, ಸೆಕ್ಯೂರಿಟಿಯವನು, ದೇವರು ಮೈಮೇಲೆ ಬರುವ ಗಂಗಣ್ಣ, ಎಲ್ಲರೂ ಅವನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಇವರೊಬ್ಬರು ಬಾಕಿ.

ಆದರೆ ಅವನು ಬಂದದ್ದು ಸರಕಿಗಲ್ಲ, ತಂಗಿಗೆ. ಸುನಿಲ್‌ಕುಮಾರನನ್ನು ಮದುವೆಯಾದಾಗಿನಿಂದ ಮಾನಸ ಅರಿಶಿನಕುಂಟೆಯ ಟೈರ್ ಅಂಗಡಿಯ ಮೇಲಿನ ಈ ಪ್ರಾರ್ಥನಾ ಮಂದಿರಕ್ಕೆ ಬರುತ್ತಿದ್ದಳು. ಅಪ್ಪ ದೊಡ್ಡಬೀರಪ್ಪ ಆವತ್ತು ಮನೆ ಬಾಗಿಲು ಹಾಕಿದವನು, ಹೋದ ವರ್ಷ ಸಾಯುವಾಗಲೂ ಅವಳಿಗೆ ತೆಗೆಯಲಿಲ್ಲ. ಕಳೆದ ತಿಂಗಳು ದಿನ ತುಂಬುವ ಮೊದಲೇ ಅವಳಿಗೆ ಹೆರಿಗೆಯಾಗಿ, ಗಂಡುಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಇದ್ದು ಹೋಯಿತು. ಬೆಳಗ್ಗೆ ಅಮ್ಮ ಮುನಿರತ್ನಮ್ಮ ಮುದ್ದೆ ತಿರುವುತ್ತಲೇ ಹೇಳಿ ಕಳಿಸಿದ್ದಳು: “ಆ ದೇವ್ರು ಉಳಿಸ್ಕೊಡ್ಲಿಲ್ಲ ತಾನೇ? ಇನ್ನೇನೈತೆ ಅಲ್ಲಿ? ಅದನ್ನ ಬಿಟ್ಟು ಬರಂಗಿದ್ರೆ ಕರ್ಕೊಂಬಾ, ಬಾಣಂತನ ನಾನ್ ಮಾಡ್ತೀನಿ. ಬಿಡಾಕಿಲ್ಲ ಅಂದ್ರೆ ನೀನೊಬ್ನೇ ಬಾ.”

ಬಿಟ್ಟೇ ಬರುತ್ತಾಳೆಂದು ಅವನಿಗೆ ಧೈರ್ಯವಿತ್ತು. ಕೊಡದ ದೇವರಿಗೆ ಯಾರು ಕೈಮುಗಿಯುತ್ತಾರೆ? ಸೀಮೆಹಸು ಸತ್ತ ವರ್ಷ ಅಪ್ಪ ಬೀರೇದೇವರ ಮೇಲೆ ಮುನಿಸಿಕೊಂಡು ದೀಪಾವಳಿಯವರೆಗೂ ದೀಪ ಹಚ್ಚಿರಲಿಲ್ಲ.

ಪಾಸ್ಟರ್ ಕಣ್ಣು ಮುಚ್ಚಿದರು. ಎಳೆತ ಹೋಗಿ ದನಿ ಮಾಮೂಲಿಗೆ ಇಳಿಯಿತು.

“ನಮ್ಮ ಮಾನಸಮ್ಮ, ಸುನಿಲ್ ಇವರ ಮಗ ದೊಡ್ಡಬೀರಪ್ಪನಿಗಾಗಿ ಸ್ತೋತ್ರ, ತಂದೆಯೇ. ಅವನನ್ನು ಮೂರು ದಿನ ನಮ್ಮ ಹತ್ತಿರ ಇಟ್ಟಿದ್ದಕ್ಕೆ ಸ್ತೋತ್ರ.”

ಅಣಕಿಸಲು ತೆರೆದಿದ್ದ ಮುನಿಕೃಷ್ಣನ ಬಾಯಿ ಹಾಗೇ ನಿಂತಿತು. ಅಪ್ಪನ ಹೆಸರು. ಈ ಶೀಟಿನಡಿ, ಈ ಮೈಕಿನಲ್ಲಿ! ಕಿಲೋ ತೂಗದ ಕೂಸಿಗೆ ದೊಡ್ಡಬೀರಪ್ಪನೆಂಬ ಹೆಸರು! ಯಾರೋ ಬೆನ್ನಿಗೆ ತಣ್ಣೀರು ಎರಚಿದಂತಾಗಿ ಅವನು ಎದ್ದು ನಿಂತ. ಮುಂದಿನ ಸಾಲಿನಲ್ಲಿ, ಕಿವಿ ಮುಚ್ಚುವಂತೆ ಸ್ಕಾರ್ಫ್ ಬಿಗಿದುಕೊಂಡ ಹಸಿ ಬಾಣಂತಿ ಎರಡೂ ಕೈಯೆತ್ತಿ ಹಾಡುತ್ತಿದ್ದಳು. ಅಳುತ್ತಿರಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನೂ ದಿಗಿಲಾಯಿತು.

ಜನ ಕರಗುವವರೆಗೂ ತಡೆದುಕೊಂಡು ಅವಳನ್ನು ಮೆಟ್ಟಿಲ ಮೇಲೆ ಹಿಡಿದ. “ಏನೇ ಇದು? ಆಸ್ಪತ್ರೇಲಿ ನಾನೂ ಇದ್ನಲ್ಲ, ಹೆಸರಿಟ್ಟಿದ್ದು ಯಾವಾಗ?”

“ನೀನು ಟೀ ತರಕ್ಕೆ ಹೋಗಿದ್ದೆ. ಪಾಸ್ಟರು ಗಾಜಿನ ಮೇಲೆ ಕೈಯಿಟ್ಟು, ಏನಂತ ಕರೀತೀರಮ್ಮ ಅಂದ್ರು. ಬಾಯಿಗೆ ಅದೇ ಬಂತು.”

“ಆ ಮುದುಕ ಸಾಯೋವರ್ಗೂ ನಿನ್ ಮುಖ ನೋಡ್ಲಿಲ್ಲ ಕಣೇ!”

“ಮೊಮ್ಮಗನ ಮುಖ ನೋಡಿದ್ರೆ ಬಾಗ್ಲು ತೆಗೀತಿದ್ನೇನೋ.”

ಅವಳ ಚಪ್ಪಲಿ ಹುಡುಕಿ ತಂದಿಟ್ಟ ಸುನಿಲ್, “ನಾನೂ ಬೇಡ ಅನ್ಲಿಲ್ಲ ಬಾವ” ಎಂದು ಮೆಲ್ಲಗೆ ಹೇಳಿ ಕೆಳಗಿಳಿದುಹೋದ.

“ಸರಿ, ಹೆಸರಿರ್ಲಿ. ಸ್ತೋತ್ರ ಯಾತಕ್ಕೆ? ಕಿತ್ಕೊಂಡೋನಿಗೆ ಥ್ಯಾಂಕ್ಸಾ? ಗಾಡಿ ಕೆಡಿಸಿದೋನಿಗೇ ಸರ್ವಿಸ್ ಚಾರ್ಜ್ ಕೊಟ್ಟಂಗೆ!”

ಇಂಥ ಮಾತಿಗೆ ಮೊದಲಾಗಿದ್ದರೆ ಬಿದ್ದು ನಗುತ್ತಿದ್ದಳು. ಈಗ ಕಂಬಿ ಹಿಡಿದು ನಿಂತಳು.

“ನಾನೂ ಬೈದೆ ಕಣಣ್ಣ. ನೀನು ಹೇಳ್ಕೊಟ್ಟಿರೋ ಬೈಗುಳ ಒಂದೂ ಬಿಡ್ಲಿಲ್ಲ. ಇಲ್ಲೇ, ಎಲ್ರ ಮುಂದೆ. ಯಾರೂ ತಡೀಲಿಲ್ಲ. ಬೈದು ಸುಸ್ತಾದ್ಮೇಲೆ ಹೊಳೀತು, ಅವನೂ ಮಗನ್ನ ಕಳ್ಕೊಂಡೋನೇ ಅಲ್ವಾ? ಕಣ್ಮುಂದೇನೇ ಶಿಲುಬೆಗೆ ಹೊಡ್ದು ಸಾಯ್ಸಿದ್ರು. ಇನ್ಯಾರ ಹತ್ರ ಹೋಗಿ ಕೂತ್ಕೊಳ್ಲಿ? ಏನಾದ್ರೂ ಕೊಡ್ಲಿ ಅಂತ ಬರ್ತಿಲ್ಲ ಈಗ. ನಮ್ಮ ಅತ್ತೆ, ಅಕ್ಕಪಕ್ಕದೋರು, ನೀನೂನೂ, ಹೋಗಿದ್ದು ಹೋಯ್ತು ಮರ್ತುಬಿಡು ಅಂತೀರ. ಇಲ್ಲಿ ಹೆಸರು ಹಿಡಿದು ಹೇಳ್ಬೋದು. ಮೂರು ದಿನ ಅಮ್ಮ ಆಗಿದ್ದೆ. ಕೊಟ್ಟೇ ಇಲ್ಲ ಅನ್ನಕ್ಕಾಗತ್ತಾ?”

ಮುನಿಕೃಷ್ಣನ ಗಂಟಲಿನಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಮ್ಮ.

“ಬರ್ತಾಳೇನ್ಲಾ?”

“ಇದನ್ನ ಬಿಡಲ್ಲ ಅವ್ಳು. ಅಮ್ಮ, ಮಗೀಗೆ ಹೆಸರಿಟ್ಟವ್ಳೆ.”

“ಮೂರು ದಿನದ ಮಗೀಗೆ ಎಂಥ ಹೆಸರ್ಲಾ?”

“ಅಪ್ಪಂದು.”

ಲೈನು ಕಟ್ಟಾಯಿತೇನೋ ಎಂದು ಫೋನು ನೋಡಿದ, ಸೆಕೆಂಡುಗಳು ಓಡುತ್ತಿದ್ದವು. ಅಮ್ಮ ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಮಗನ ಕಡೆ ಕೈ ತೋರಿಸುತ್ತಿದ್ದಳು. ಹೆಣದ ಮುಂದೆ ಕೂತಾಗಲೂ “ಇವರಪ್ಪಾ, ಇವರಪ್ಪಾ” ಎಂದೇ ಅತ್ತಿದ್ದಳು.

“ದೊಡ್ಡ...” ಎಂದಳು ಅಮ್ಮ. ತಡೆದಳು. ಮತ್ತೆ, ಅಕ್ಷರ ಕಲಿಯುವವಳ ಹಾಗೆ, “ದೊಡ್ಡಬೀರಪ್ಪ.”

ಮುನಿಕೃಷ್ಣ ಫೋನನ್ನು ತಂಗಿಯ ಕಡೆ ಚಾಚಿದ. ಮಾನಸ ಸ್ಕಾರ್ಫ್ ಸರಿಸಿ ಅದನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು. ಹೈವೇಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡಳು.