ಐದು ಬೆರಳು ಕೆಸರು

ನನ್ನ ಬಾಯಿ ಜೋರು ಅಂತ ಮೌಖಾಲಿಯ ನದಿ ಏರಿಯ ಮೇಲಿರುವ ಎಲ್ಲರಿಗೂ ಗೊತ್ತು. ಗಂಡ ಬದುಕಿದ್ದಾಗಲೂ ಜೋರೇ, ಅವನು ಹೋದ ಮೇಲಂತೂ ಕೇಳುವುದೇ ಬೇಡ. ಆ ಬಾಯಿಯೇ ನನ್ನನ್ನು ಈ ಗತಿಗೆ ತಂದಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ತಂದದ್ದು ಕೈ.

ನಮ್ಮ ಬಯಲಿನಲ್ಲಿ ನೀರು ನಿಂತು ಆಗ ಆರು ವರ್ಷವಾಗಿತ್ತು. ಆಚೆ ನದಿ, ನಡುವೆ ಮಣ್ಣಿನ ಏರಿ, ಈಚೆ ನಮ್ಮ ಗದ್ದೆ. ಸಮುದ್ರದ ಉಬ್ಬರ ದಿನಕ್ಕೆರಡು ಸಲ ನದಿಯೊಳಗೆ ಓಡಿ ಬರುತ್ತದೆ, ಬರುವಾಗ ಕೆಸರು ಹೊತ್ತು ತರುತ್ತದೆ. ಇಳಿತ ಮಾತ್ರ ಮಹಾ ಸೋಮಾರಿ, ತಂದದ್ದನ್ನು ಪೂರ್ತಿ ವಾಪಸ್ ಒಯ್ಯುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಆ ಕೆಸರು ಗದ್ದೆಗೆ ಬಂದು ಕೂರುತ್ತಿತ್ತು, ವರ್ಷವರ್ಷಕ್ಕೆ ನೆಲ ಏರುತ್ತಿತ್ತು. ಏರಿ ಕಟ್ಟಿದ ಮೇಲೆ ಅದೆಲ್ಲ ನದಿಯ ಹೊಟ್ಟೆಯಲ್ಲೇ ಬಿದ್ದು ಬಿದ್ದು, ನದಿಯ ತಳವೇ ನಮ್ಮ ಗದ್ದೆಗಿಂತ ಮೇಲಾಯಿತು. ಬಿದ್ದ ಮಳೆ ಹೊರಗೆ ಹೋಗಲು ದಾರಿಯಿಲ್ಲ. ಮನೆಯಿಂದ ಮನೆಗೆ ದೋಣಿ, ಒಲೆ ಮಂಚದ ಮೇಲೆ, ಹಸು ಏರಿಯ ಮೇಲೆ, ಎಲ್ಲರ ಕಾಲ್ಬೆರಳ ಸಂದಿಯಲ್ಲೂ ಹುಣ್ಣು. ಮೂವತ್ತೆರಡು ಮನೆಗಳಲ್ಲಿ ಒಣನೆಲ ಇದ್ದದ್ದು ನಮ್ಮಂಥ ನಾಲ್ಕೈದು ಮನೆಗಳಿಗೆ, ಏರಿಗೆ ಅಂಟಿಕೊಂಡಂತೆ ಇದ್ದವುಗಳಿಗೆ. ನಮ್ಮ ಮನೆಯ ದಿಬ್ಬವನ್ನು ನನ್ನ ಗಂಡ ಹನ್ನೊಂದು ಬೇಸಿಗೆ ಬುಟ್ಟಿಬುಟ್ಟಿ ಮಣ್ಣು ಹೊತ್ತು ಎತ್ತರಿಸಿದ್ದ. ಹೊತ್ತ ಭುಜದಲ್ಲಿ ಗಂಟು ಬಂದಿತ್ತು, ಅವನನ್ನು ಸುಡುವಾಗಲೂ ಆ ಗಂಟು ನನಗೆ ಕಾಣುತ್ತಿತ್ತು.

ಪರಿಹಾರ ಎಲ್ಲರಿಗೂ ಗೊತ್ತಿದ್ದದ್ದೇ. ಚೈತ್ರದಲ್ಲಿ, ಉಬ್ಬರ ಅತಿ ಗಟ್ಟಿಯಾಗಿರುವಾಗ ಏರಿಯನ್ನು ಒಂದು ಕಡೆ ಕಡಿಯಬೇಕು. ಮೂರ್ನಾಲ್ಕು ವರ್ಷ ಕೆಸರು ನೀರನ್ನು ಒಳಗೆ ಬಿಟ್ಟುಕೊಂಡು, ನೆಲ ಎದ್ದ ಮೇಲೆ ಮತ್ತೆ ಮುಚ್ಚಬೇಕು. ಆದರೆ ಕಡಿದ ಜಾಗದಲ್ಲಿದ್ದ ಮನೆ ಹೋದಂತೆಯೇ. ಯಾರ ಮನೆ? ಇದೇ ಜಗಳದಲ್ಲಿ ಎರಡು ಚೈತ್ರ ಕಳೆದವು. ಏರಿ ನೋಡಿಕೊಳ್ಳುವ ಸಮಿತಿಯ ಹಿರಿಯ ನಿಶಿಕಾಂತ ಮಾಸ್ತರು ಸಭೆ ಕರೆಯುವುದು, ಚಹಾ ಕುಡಿಸುವುದು, ಕನ್ನಡಕ ಒರೆಸಿಕೊಳ್ಳುವುದು, ಇಷ್ಟೇ. ಮೂರನೇ ವರ್ಷ ನನಗೆ ತಡೆಯಲಾಗಲಿಲ್ಲ. ಗಂಡಸರೆಲ್ಲ ಬಾಯಿ ಮುಚ್ಚಿಕೊಂಡು ನೀರನ್ನೇ ಕೇಳಿ ಅಂದೆ. ನದಿ ನೀರನ್ನು ರಾತ್ರಿಯಿಡೀ ಇಟ್ಟು ತಿಳಿಯಾಗಿಸುವುದು ನಮ್ಮ ಹೆಂಗಸರ ದಿನದ ಕೆಲಸ, ಯಾವ ಪಾತ್ರೆಯ ತಳದಲ್ಲಿ ಎಷ್ಟು ಬೆರಳು ಕೆಸರು ಅಂತ ನಮಗಲ್ಲದೆ ಯಾರಿಗೆ ಗೊತ್ತು? ಏರಿ ಪಕ್ಕದ ಮನೆಗಳವರು ನದಿಗಿಳಿಯುವ ಐದು ಘಾಟುಗಳಿಂದ ಒಂದೇ ಉಬ್ಬರದಲ್ಲಿ ಐದು ಉಪ್ಪಿನಕಾಯಿ ಭರಣಿ ತುಂಬಿಸೋಣ, ಬೆಳಿಗ್ಗೆ ಯಾವುದರಲ್ಲಿ ಕೆಸರು ಹೆಚ್ಚೋ ಅಲ್ಲೇ ಕಡಿಯೋಣ. ಎಲ್ಲರೂ ಒಪ್ಪಿದರು. ನಿಜ ಹೇಳುತ್ತೇನೆ, ಮಾಸ್ತರ ಘಾಟಿನದ್ದೇ ಗಟ್ಟಿ ಅಂತ ನಾನು ಲೆಕ್ಕ ಹಾಕಿದ್ದೆ. ಒಳಗೊಳಗೇ ಖುಷಿಯೂ ಇತ್ತು.

ಭರಣಿಗಳನ್ನು ಇಟ್ಟದ್ದು ನಮ್ಮ ಜಗುಲಿಯ ಮೇಲೆ. ಒಣ ಜಗುಲಿ, ಎಲ್ಲರೂ ನಂಬುವ ಹೆಂಗಸು. ಬೆಳಕು ಹರಿಯುವಾಗ ಎದ್ದು ನೋಡಿದರೆ ಮಾಸ್ತರದ್ದು ಒಂದೂವರೆ ಬೆರಳು. ಪಕ್ಕದ ಮನೆ ಚಾರುಬಾಲಾಳದು ಎರಡೂವರೆ. ನನ್ನ ಘಾಟಿನದ್ದು ಐದು. ಕೈಯಿಟ್ಟು ಮತ್ತೆ ಅಳೆದೆ, ಐದೇ. ನದಿ ಬಾಗಿ ಬಂದು ನೇರ ನಮ್ಮ ಹಿತ್ತಲಿಗೇ ಗುದ್ದುತ್ತದೆ, ತಳದ ಕೆಸರನ್ನೆಲ್ಲ ಎಬ್ಬಿಸಿಕೊಂಡು ಬರುತ್ತದೆ. ಇಷ್ಟು ವರ್ಷ ಆ ನೀರಿನಲ್ಲಿ ಪಾತ್ರೆ ತೊಳೆದವಳಿಗೆ ಇದು ಹೊಳೆಯಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಗಂಡ ಮಣ್ಣು ಹೊತ್ತ ಹನ್ನೊಂದು ಬೇಸಿಗೆ ಕಣ್ಣ ಮುಂದೆ ಬಂದವು. ಭರಣಿ ಎತ್ತಿಕೊಂಡು ಹಿತ್ತಲಿಗೆ ಹೋದೆ, ಮುಕ್ಕಾಲು ಕೆಸರನ್ನು ಚೆಲ್ಲಿದೆ, ಗದ್ದೆಯ ನಿಂತ ನೀರು ತುಂಬಿ ತಂದಿಟ್ಟೆ.

ಬಿಸಿಲೇರುವ ಹೊತ್ತಿಗೆ ಸಮಿತಿ ಬಂತು. ಮಾಸ್ತರು ಒಂದೊಂದೇ ಭರಣಿಗೆ ಬೆರಳಿಟ್ಟು ಅಳೆದರು. ಕಡಿಯಬೇಕಾದದ್ದು ಚಾರುಬಾಲಾಳ ಹಿತ್ತಲಿನಲ್ಲಿ ಅಂತಾಯಿತು. ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂತ ಹೇಗೆ ಹೇಳಲಿ? ನನ್ನದನ್ನು ಉಳಿಸಿಕೊಳ್ಳುವಾಗ ನನ್ನದರ ನಂತರ ಹೆಚ್ಚು ಕೆಸರು ಯಾರದ್ದು ಅಂತ ನಾನು ನೋಡಲೇ ಇಲ್ಲ. ಚಾರುಬಾಲಾ ನನ್ನನ್ನೊಮ್ಮೆ ನೋಡಿದಳು, ಒಳಗೆ ಹೋಗಿ ಸಾಮಾನು ಕಟ್ಟತೊಡಗಿದಳು.

ಹುಣ್ಣಿಮೆಯ ಉಬ್ಬರಕ್ಕೆ ಏರಿ ಕಡಿದರು. ಅವಳ ಮನೆಯ ತಗಡು, ಬಿದಿರು, ತುಳಸಿಯ ಕುಂಡ ನಾನೇ ಹೊತ್ತು ತಂದೆ. ಅವಳೂ ವಿಧವೆ, ಹೋಗಲು ಬೇರೆ ದಿಕ್ಕಿಲ್ಲ. ನನ್ನ ಜಗುಲಿಯಲ್ಲಿ ಇರು ಅಂದೆ. ಬಿನೋದಿನಿಯದು ಎಂಥ ದೊಡ್ಡ ಮನಸ್ಸು ಅಂತ ಊರೆಲ್ಲ ಹೊಗಳಿತು, ನಾನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡೆ.

ಎರಡು ವರ್ಷ ಉಬ್ಬರ ಬಂತು, ಹೋಯಿತು. ಕಡಿದ ಬಾಯಿಯ ಹತ್ತಿರ ನಾಲ್ಕು ಗದ್ದೆ ಎದ್ದವು, ಅಷ್ಟೇ. ತೆಳು ನೀರಿನಲ್ಲಿ ದೂರ ಹೋಗುವಷ್ಟು ಕೆಸರೆಲ್ಲಿ? ಎದ್ದ ನೆಲವೇ ಉಳಿದ ನೀರಿಗೆ ಅಡ್ಡವಾಯಿತು. ಒಳಗಿನ ಇಪ್ಪತ್ತು ಮನೆಗಳಲ್ಲಿ ಮೊಣಕಾಲಿನವರೆಗಿದ್ದ ನೀರು ತೊಡೆಗೆ ಬಂತು. ಒಂಬತ್ತು ಮನೆಯವರು ಬಾಗಿಲು ಕಿತ್ತುಕೊಂಡು ಖುಲ್ನಾ ಪಟ್ಟಣಕ್ಕೆ ಹೊರಟುಹೋದರು. ಮಾಸ್ತರು ಆ ಬಾಯಿ ಮುಚ್ಚಿಸಿದರು. ಬರುವ ಚೈತ್ರಕ್ಕೆ ಬೇರೆ ಕಡೆ ಕಡಿಯಬೇಕು, ಎಲ್ಲಿ ಅಂತ ದೇವರಿಗೇ ಗೊತ್ತು ಅಂತ ನನ್ನ ಮುಂದೆಯೇ ಅತ್ತರು. ಎಲ್ಲಿ ಅಂತ ನನಗೆ ಗೊತ್ತಿತ್ತು. ಚಹಾ ಕೊಟ್ಟೆ.

ಮನೆ ಉಳಿಯಿತು. ಆದರೆ ಆ ಮನೆಯೊಳಗೆ ನನಗೆ ಉಸಿರಾಡಲು ಜಾಗವಿಲ್ಲ. ಬೆಳಿಗ್ಗೆ ಚಾರುಬಾಲಾ ಕೆಮ್ಮುತ್ತಾಳೆ, ನಾನು ಏಳುತ್ತೇನೆ. ಅವಳು ಮಂಡಕ್ಕಿಗೆ ಬೆಲ್ಲ ಕಲೆಸಿ ಮೊದಲು ನನಗೆ ಕೊಡುತ್ತಾಳೆ, ನಾನು ಆಚೆ ತಿರುಗಿ ಕೂತು ತಿನ್ನುತ್ತೇನೆ. ಸುತ್ತ ನೀರು, ದೋಣಿಯೊಂದೇ. ಹೊರಗೆ ಹೋದರೂ ಮರಳಿ ಬರುವುದು ಅವಳ ಎದುರಿಗೇ.

ಮೊನ್ನೆ ಮಧ್ಯಾಹ್ನ ಅವಳು ಒಂದು ಭರಣಿ ತಂದು ನನ್ನ ಮುಂದಿಟ್ಟಳು. ಮೇಲೆ ತಿಳಿನೀರು, ತಳದಲ್ಲಿ ಕೆಸರು. ಬೆರಳಿಟ್ಟು ಅಳೆದು ತೋರಿಸಿದಳು. ಐದು.

"ನಿನ್ ಘಾಟಿಂದೇ ದೀದಿ," ಅಂದಳು.

ನಾನೂ ಬೆರಳಿಟ್ಟು ಅಳೆದೆ. ಅವಳೇ ಮುಂದುವರಿಸಿದಳು.

"ಅವತ್ತು ಬೆಳಿಗ್ಗೆ ನೀನು ಚೆಲ್ಲಿದ್ದು ನೋಡಿದ್ದೆ. ನನ್ ಹಿತ್ತಲಿಂದ ಕಾಣ್ಸುತ್ತಲ್ಲ. ಪಾಪ, ಭಾವ ಅಷ್ಟು ಮಣ್ ಹೊತ್ತಿದ್ರು, ಉಳಿಸ್ಕೊಳ್ಳಲಿ ಅಂತ ಸುಮ್ನಿದ್ದೆ. ನಂದೇ ಹೋಗುತ್ತೆ ಅಂತ ಯಾರಿಗ್ ಗೊತ್ತಿತ್ತು? ಗೊತ್ತಾದ್ಮೇಲೆ ಹೇಳಿದ್ರೆ ಯಾರ್ ನಂಬ್ತಿದ್ರು?"

ನಾನು ಎದ್ದೆ. ಭರಣಿಯನ್ನು ಸೆರಗಿನಲ್ಲಿ ಅವಚಿಕೊಂಡು ಘಾಟಿಗಿಳಿದೆ. ಮಾಸ್ತರಿಗೆ ತೋರಿಸುತ್ತೇನೆ, ಈ ಚೈತ್ರಕ್ಕೆ ನನ್ನ ಹಿತ್ತಲಿನಲ್ಲೇ ಕಡಿಯಲಿ ಅಂತ ಹೇಳುತ್ತೇನೆ ಅಂದುಕೊಂಡದ್ದೇ ಎದೆ ಹಗುರವಾದಂತಾಯಿತು. ದೋಣಿಯ ಹಗ್ಗ ಬಿಚ್ಚುತ್ತಿದ್ದಾಗ ಚಾರುಬಾಲಾ ನನ್ನ ಹಿಂದೆಯೇ ಇಳಿದು ಬಂದಳು, ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡಳು, ಗೂಟಕ್ಕೆ ಮತ್ತೆ ಬಿಗಿದು ಕಟ್ಟಿದಳು.

"ನೀನು ಹಗುರ ಆಗ್ತೀಯ, ಸರಿ," ಅಂದಳು. "ನಾನೆಲ್ಲಿ ಮಲಗ್ಲಿ? ಒಂದ್ಸಲ ಮನೆ ಬಿಚ್ಚಿದೀನಿ ದೀದಿ, ಇನ್ನೊಂದ್ಸಲ ನನ್ ಕೈಲಾಗಲ್ಲ. ಬಾ, ಅನ್ನ ಆರ್ತಿದೆ."

ಭರಣಿ ಈಗ ಕಿಟಕಿಯಲ್ಲಿದೆ. ಚೈತ್ರಕ್ಕೆ ಇನ್ನು ಹದಿನೆಂಟು ದಿನ. ನಾವಿಬ್ಬರೂ ಅದರ ಮುಂದೆಯೇ ಕೂತು ಉಣ್ಣುತ್ತೇವೆ.