ಎರಡನೇ ಬಿಲ್ಲೆ

"ಹ್ಹ್ಮ್, ಹ್ಹ್ಮ್. ನೋಡ್ರಮ್ಮಾ, ಬೆಳಗ್ಗೆಯಿಂದ ಉಚ್ಚೆ ಹೊಯ್ಯೋದೇ ಕೆಲಸನಾ ನಿಮ್ದು? ಪ್ಯಾಂಟ್ ಯಾರು, ನಿಮ್ಮಜ್ಜಿ ಬಂದು ಹೊಲೀತಾಳಾ?"

ಎರಡು ಸಲ ಕೆಮ್ಮಿ 'ನೋಡ್ರಮ್ಮಾ' ಎಂದು ಕೇಳಿಸಿತೆಂದರೆ ನಮ್ಮ ಸೂಪರ್‌ವೈಸರ್ ಮೈಕು ಹಿಡಿದ ಎಂದೇ ಲೆಕ್ಕ. ಮೂರು ಶೆಡ್ಡಿಗೂ ಸ್ಪೀಕರ್ ಹಾಕಿಸಿದ್ದಾನೆ, ಮಹಾರಾಯ. ಬೈಗುಳ ಯಾರಿಗೂ ತಪ್ಪಬಾರದಲ್ಲ.

ನಾವು ಹೊಲಿಯುವುದು ಸೈನಿಕರ ಪ್ಯಾಂಟು. ಒಂದು ಶೆಡ್ಡಿಗೆ ನಲವತ್ತು ಹೆಂಗಸರು. ಪಾಯಖಾನೆಗೆ ಹೋಗುವವಳು ಕೊರಳಿಗೆ ಮರದ ಬಿಲ್ಲೆ ಹಾಕಿಕೊಳ್ಳಬೇಕು, ನಲವತ್ತು ಜನಕ್ಕೂ ಇರುವುದು ಒಂದೇ ಬಿಲ್ಲೆ. ಅವಳು ಬರುವ ತನಕ ಉಳಿದವರು ಹಲ್ಲು ಕಚ್ಚಿಕೊಂಡು ಕೂರಬೇಕು. ಹೋದ ಹೊತ್ತು, ಬಂದ ಹೊತ್ತು ಬರೆದಿಡಲು ಬಾಗಿಲಲ್ಲೊಬ್ಬ ವಾಚ್‌ಮನ್, ಅವನ ತಲೆಯ ಮೇಲೊಂದು ಕ್ಯಾಮೆರಾ.

ಪಕ್ಕದ ಮಿಶಿನ್ನಿನಲ್ಲಿ ಕೂರುವವಳು ನನ್ನ ಅತ್ತಿಗೆ. ಅವಳಿಗೆ ಏಳು ತಿಂಗಳು. ತಡೆದೂ ತಡೆದೂ ಸೋಂಕಾಗಿ, ಒಂದು ವಾರ ಜ್ವರದಲ್ಲಿ ಬೆಂದಳು. ಇನ್ನೊಮ್ಮೆ ಹೀಗಾದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ನನ್ನನ್ನೂ ಸೇರಿಸಿ ಬೈದಿದ್ದರು.

ಅದನ್ನು ಕೇಳಿಯೇ ಗಿಳಿಗೆ ಪಿತ್ತ ನೆತ್ತಿಗೇರಿದ್ದು. ಗಿಳಿ ನಮ್ಮಲ್ಲಿ ಗುಂಡಿಗೆ ಕಾಜಾ ಹಾಕುವವಳು, ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಹಾಗೇ ಇಳಿಸುತ್ತಾಳೆ. ಮನೆಯಲ್ಲಿ ಪಾತ್ರೆಯ ಮುಚ್ಚಳವನ್ನು ಕೊರಳಿಗೆ ಕಟ್ಟಿಕೊಂಡು, ಸೂಪರ್‌ವೈಸರನ ದನಿಯಲ್ಲಿ ಬಿಲ್ಲೆ ಪುರಾಣ ಹೇಳಿ, ವಿಡಿಯೋ ಮಾಡಿ, ಹೊರದೇಶದವರ ಆ್ಯಪೊಂದರಲ್ಲಿ ಹಾಕಿಯೇಬಿಟ್ಟಳು. ಲಕ್ಷಗಟ್ಟಲೆ ಜನ ನೋಡಿ ನಕ್ಕರು. ಮಾಲೀಕನ ಮಾನ ಮೂರಾಬಟ್ಟೆಯಾಯಿತು. ವಾರದೊಳಗೆ ಎರಡನೇ ಬಿಲ್ಲೆ ಬಂತು. ಅದು ಅತ್ತಿಗೆಯ ಕೊರಳಲ್ಲೇ ಇರಲಿ ಎಂದು ನಾವೆಲ್ಲ ಬಿಟ್ಟುಕೊಟ್ಟೆವು.

ನಿನ್ನೆ ಸರಕಾರ ಆ ಆ್ಯಪನ್ನೇ ಬ್ಯಾನ್ ಮಾಡಿತು. ದೇಶದ ಭದ್ರತೆಗೆ ಧಕ್ಕೆಯಂತೆ. ಗಿಳಿಯ ವಿಡಿಯೋನೂ ಅದರ ಜೊತೆಗೇ ಹೋಯಿತು. ಇವತ್ತು ಬೆಳಗ್ಗೆ ಸೂಪರ್‌ವೈಸರ್ ನೆಟ್ಟಗೆ ಬಂದು ಅತ್ತಿಗೆಯ ಕೊರಳಿನಿಂದ ಬಿಲ್ಲೆ ಕಿತ್ತುಕೊಂಡ.

"ಹೊರದೇಶದೋರು ನಿಮ್ ಫೋನಲ್ಲಿ ಕೂತ್ಕೊಂಡು, ಎಲ್ಲಿಗ್ ಹೋಗ್ತೀರಿ, ಎಷ್ಟೊತ್ತಿಗ್ ಬರ್ತೀರಿ, ಎಲ್ಲಾ ಬರ್ಕೊತಿದ್ರು. ಗೊತ್ತೇನ್ರೇ?"

"ನೀವೂ ಬರ್ಕೊತೀರಲ್ಲ ಸಾರ್," ಎಂದೆ.

"ನಾವು ಈ ದೇಶದೋರು ಕಣೇ. ಮುಚ್ಕೊಂಡು ಹೊಲಿ. ಸೈನ್ಯದ ಬಟ್ಟೆ ಹೊಲಿಯೋ ಜಾಗ ಇದು. ಎಷ್ಟು ಪಾಯಖಾನೆ ಇದೆ ಅಂತ ಶತ್ರುಗೆ ಗೊತ್ತಾದ್ರೆ ಏನ್ ಗತಿ?"

"ಎರಡೇ ಅಂತ ಗೊತ್ತಾದ್ರೆ ಈ ಕಡೆ ತಲೆ ಹಾಕಿನೂ ಮಲಗಲ್ಲ ಬಿಡಿ," ಎಂದಳು ಹಿಂದಿನಿಂದ ಗಿಳಿ.

ಹನ್ನೊಂದರ ಹೊತ್ತಿಗೆ ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಬಿಲ್ಲೆಗೆ ಅವಳ ಮುಂದೆ ಇನ್ನೂ ಒಂಬತ್ತು ಜನ ಕಾದಿದ್ದರು. ಅವರೆಲ್ಲ ಬಿಟ್ಟುಕೊಡುತ್ತೇವೆಂದರೂ ಸೂಪರ್‌ವೈಸರ್ ಒಪ್ಪಲಿಲ್ಲ.

"ಅಣ್ಣಾ, ಒಂದ್ಸಲ ಬಿಡಣ್ಣಾ. ಆಗ್ತಿಲ್ಲ," ಎಂದು ಅತ್ತಿಗೆ ಅವನನ್ನು ಬೇಡಿದಳು.

"ತಡ್ಕೊ. ಗಡೀಲಿ ಸೈನಿಕರು ತಡ್ಕೊಳಲ್ವಾ?"

ಆ ಬೇವರ್ಸಿ ಅಷ್ಟಕ್ಕೇ ಬಿಡಲಿಲ್ಲ. ಗಿಳಿಯನ್ನು ಮೈಕಿನ ಮುಂದೆ ನಿಲ್ಲಿಸಿ, ಕೈಗೊಂದು ಚೀಟಿ ಕೊಟ್ಟ. ದೇಶಕ್ಕೆ ದ್ರೋಹ ಮಾಡಿದೆ, ಕ್ಷಮಿಸಿ ಎಂದು ಅದರಲ್ಲಿ ಬರೆದಿತ್ತು.

"ಓದೇ ಲೌಡಿ. ಒಂದಕ್ಷರ ಹೆಚ್ಚುಕಮ್ಮಿ ಆಯ್ತೋ, ನಾಳೆಯಿಂದ ಗೇಟೊಳಗೆ ಕಾಲಿಡಬೇಡ."

ಗಿಳಿ ಅತ್ತಿಗೆಯನ್ನು ನೋಡಿದಳು. ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಎರಡು ಸಲ ಕೆಮ್ಮಿದಳು.

"ಹ್ಹ್ಮ್, ಹ್ಹ್ಮ್. ನೋಡ್ರಮ್ಮಾ, ಇವತ್ತಿಂದ ಬಿಲ್ಲೆ ಗಿಲ್ಲೆ ಏನೂ ಬೇಡ. ಮಿಶಿನ್ ಆಫ್ ಮಾಡಿ, ಎಲ್ರೂ ಹೋಗ್ಬನ್ನಿ. ಬಸುರೀರು ಮುಂದೆ."

ಥೇಟ್ ಅವನದೇ ದನಿ. ಪಕ್ಕದ ಎರಡು ಶೆಡ್ಡುಗಳಿಗೆ ಸ್ಪೀಕರ್ ಕೇಳುತ್ತದೆ, ಮೈಕಿನ ಮುಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಅಲ್ಲಿನ ಮಿಶಿನ್ನುಗಳೆಲ್ಲ ನಿಂತವು. ಇಲ್ಲಿ ನಾವೂ ಎದ್ದೆವು, ಸೂಪರ್‌ವೈಸರ್ ಮಾತು ಮೀರೋಕಾಗುತ್ತಾ?

ಅವನು ಗಿಳಿಯನ್ನು ತಳ್ಳಿ ಮೈಕು ಕಸಿದುಕೊಂಡ. ಗಾಬರಿಯಲ್ಲಿ ಎರಡು ಸಲ ಕೆಮ್ಮಿದ. "ನೋಡ್ರಮ್ಮಾ, ಅದು ನಾನಲ್ಲ. ಈಗ ಮಾತಾಡ್ತಿರೋನು ನಾನು!"

"ಅಯ್ಯೋ, ಇದು ನಮ್ಮ ಗಿಳಿನೇ," ಎಂದು ಪಕ್ಕದ ಶೆಡ್ಡಿನವರು ಬಿದ್ದು ಬಿದ್ದು ನಗುತ್ತ ಹೊರಬಂದರು.

ಪಾಯಖಾನೆಯ ಬಾಗಿಲಲ್ಲಿ ಪುಸ್ತಕ ಹಿಡಿದ ವಾಚ್‌ಮನ್, "ಬಿಲ್ಲೆ ಎಲ್ಲಮ್ಮಾ?" ಎಂದ. ಅತ್ತಿಗೆ ಅವನನ್ನು ದಾಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನೂರಕ್ಕೂ ಹೆಚ್ಚು ಜನ ಹೊರಗೆ ನಿಂತೆವು. ಬೇಗ ಬಾ ಎಂದು ಒಬ್ಬರೂ ಅನ್ನಲಿಲ್ಲ.