ಸೊಂಟ ನಲವತ್ತಾರು

ನನಗೆ ಮೂಗಿನ ತುದಿಯಲ್ಲೇ ಕೋಪ. ಗಿರಾಕಿಯ ಎದುರಿಗೇ ಅಕ್ಕ ನಾನು ಹೊಲಿದ ಕಾಲರ್ ಸೊಟ್ಟ ಎಂದಳು, ಅಂದಿನಿಂದ ಹನ್ನೊಂದು ದಿನ ಮಾತು ಬಿಟ್ಟೆ. ಆದರೂ ಟೈಲರ್ ಅಂಗಡಿ ನಡೆಯಬೇಕಲ್ಲ. ಮುಂದಿನ ಕೋಣೆಯಲ್ಲಿ ಅವಳು ಟೇಪು ಹಿಡಿದು ಅಳತೆ ಕೂಗುವುದು, ಪರದೆಯ ಹಿಂದೆ ಕರೆಂಟಿನ ಹೊಲಿಗೆ ಮಿಷನ್ನಿನ ಬಳಿ ಕೂತ ನಾನು ತುಟಿ ಬಿಚ್ಚದೆ ಪುಸ್ತಕದಲ್ಲಿ ಬರೆದುಕೊಳ್ಳುವುದು. ನಮ್ಮ ನಡುವೆ ಉಳಿದಿದ್ದು ಅಷ್ಟೇ.

ಹನ್ನೊಂದನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬೀದಿ ಬಾಗಿಲಿಗೆ ಚಿಲಕ ಬಿದ್ದ ಸದ್ದಾಯಿತು. ಹಾಡಹಗಲಲ್ಲಿ ಅಂಗಡಿಗೆ ಚಿಲಕ ಯಾಕೆ? ಹಿಂದೆಯೇ ಗಂಡಸಿನ ಪಿಸುದನಿ. ಅಕ್ಕನೂ ಪಿಸುಗುಟ್ಟಿದಳು. ನನ್ನ ಅನುಮಾನ ಎದ್ದು ಕೂತಿತು. ಹೊಸ ಟೈಲರ್ ಮಾಸ್ತರನನ್ನು ಗೊತ್ತು ಮಾಡುತ್ತಿದ್ದಾಳೆ, ನನ್ನನ್ನು ಸಾಗಹಾಕುವ ಹುನ್ನಾರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನನಗೆ ಕಿವಿಗೂ ಕಾಮಾಲೆ ಬಂದಿತ್ತು.

"ಸೊಂಟ ನಲವತ್ತಾರು," ಅಕ್ಕ ಕೂಗಿದಳು. "ಉದ್ದ ಮೂವತ್ತೇಳು."

ಬರೆದೆ. ಬರೆದ ಮೇಲೆ ಪೆನ್ಸಿಲ್ ನಿಂತಿತು. ನಮ್ಮ ಗಿರಾಕಿಗಳಲ್ಲಿ ಆ ಅಳತೆಯ ಮನುಷ್ಯರು ಒಬ್ಬರೇ, ಮೂಲೆಯ ಪೊಲೀಸ್ ಠಾಣೆಯ ದಫೇದಾರರು. ಅವರ ಪ್ಯಾಂಟು ಹೊಲಿಯುವಾಗಲೆಲ್ಲ ನಾವಿಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಆದರೆ ದಫೇದಾರರು ಪಿಸುಗುಟ್ಟಿದರೂ ಬೀದಿಗೆಲ್ಲ ಕೇಳುತ್ತದೆ. ಇದು ಅವರ ದನಿಯಲ್ಲ.

"ತಪ್ಪು ಅಳತೆ" ಎಂದು ಕೂಗಿ ಸೇಡು ತೀರಿಸಿಕೊಳ್ಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಮೊದಲು ನೋಡೋಣ ಎಂದು, ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯದೆಯೇ ಬಗ್ಗಿ ಪರದೆಯ ಸಂದಿಗೆ ಕಣ್ಣಿಟ್ಟೆ.

ಕಡ್ಡಿಯಂಥ ಆಳು, ಇಪ್ಪತ್ತೆಂಟೂ ದಾಟದ ಸೊಂಟ. ನಮ್ಮ ದೊಡ್ಡ ಕತ್ತರಿ ಅವನ ಕೈಯಲ್ಲಿತ್ತು, ಅದರ ಮೊನೆ ಅಕ್ಕನ ಪಕ್ಕೆಗೆ ತಾಗಿತ್ತು. ಅವನ ಕಣ್ಣೆಲ್ಲ ಬೀದಿ ಬಾಗಿಲ ಮೇಲೆ. ಹಿಂದಿನ ಬೀದಿಯಲ್ಲಿ ಸರ ಕಿತ್ತು ಓಡಿಬಂದವನು ಎಂದು ಆಮೇಲೆ ತಿಳಿಯಿತು.

"ಒಳಗಿರೋಳು ಈಚೆ ಬಂದ್ರೆ ಚುಚ್ತೀನಿ," ಅವನು ಹಲ್ಲು ಕಚ್ಚಿ ಹೇಳಿದ. "ಆ ಮಿಷನ್ ನಿಲ್ಲಬಾರ್ದು."

"ಅಳತೆ ಕೂಗ್ತಾ ಇದ್ರೆ ಬರಲ್ಲ," ಅಂದಳು ಅಕ್ಕ. "ಅವಳು ನನ್ನ ಹತ್ರ ಮಾತೇ ಆಡಲ್ಲ."

ಹಿತ್ತಿಲ ಬಾಗಿಲಿನಿಂದ ಠಾಣೆಗೆ ನೂರು ಹೆಜ್ಜೆ, ಆದರೆ ಪೆಡಲಿನಿಂದ ಕಾಲೆತ್ತಿದರೆ ಮಿಷನ್ ನಿಲ್ಲುತ್ತದೆ. ಪಕ್ಕದಲ್ಲಿ ಆರಿದ ಇಸ್ತ್ರಿ ಪೆಟ್ಟಿಗೆ ಇತ್ತು. ಅದನ್ನು ಮೆಲ್ಲಗೆ ಇಳಿಸಿ ಪೆಡಲಿನ ಮೇಲಿಟ್ಟೆ. ಬಟ್ಟೆ ಜಾರಿ ಕೆಳಗೆ ಬಿತ್ತು, ಸೂಜಿ ಬರಿದೇ ಕುಟ್ಟತೊಡಗಿತು. ಚಪ್ಪಲಿ ಬಿಟ್ಟು ಓಡಿದೆ.

ದಫೇದಾರರು ಒಂದೇ ಮಾತಿಗೆ ಎದ್ದರು. ಹಿತ್ತಿಲ ಬಾಗಿಲಲ್ಲಿ ಅಡ್ಡ ತಿರುಗಿ ಉಸಿರು ಹಿಡಿದು ಒಳಗೆ ತೂರಿದರು. ಮಿಷನ್ ಇನ್ನೂ ಓಡುತ್ತಿತ್ತು. ಆ ಕಡೆ ಅಕ್ಕ ಖಾಲಿ ಕೋಣೆಗೆ ಅಳತೆ ಕೂಗುತ್ತಲೇ ಇದ್ದಳು.

"ಎದೆ ಮೂವತ್ತೆರಡು. ತೋಳು ಹತ್ತೂವರೆ. ಬೆನ್ನು ಹದಿಮೂರು ಮುಕ್ಕಾಲು."

"ಗಂಡಸರ ಪ್ಯಾಂಟಿಗೆ ತೋಳು ಯಾಕೆ?" ಕಳ್ಳ ಕೇಳಿದ. ಅವನಿಗೂ ಅನುಮಾನ ಹತ್ತಿತ್ತು.

ಉತ್ತರಕ್ಕೆ ಅವಕಾಶ ಸಿಗಲಿಲ್ಲ. ಪರದೆ ಸಮೇತ ದಫೇದಾರರು ಹಿಂದಿನಿಂದ ಅವನ ಮೇಲೆ ಬಿದ್ದರು, ನಲವತ್ತಾರು ಇಂಚೂ ಒಟ್ಟಿಗೆ. ಕತ್ತರಿ ಗೋಡೆಗೆ ಬಡಿದು ಬಿತ್ತು. ಅಕ್ಕನ ರವಿಕೆಯ ಪಕ್ಕದಲ್ಲಿ ಚಿಕ್ಕ ತೂತು, ಮೈಗೆ ಏನೂ ಆಗಿರಲಿಲ್ಲ.

ಕಳ್ಳನನ್ನು ಎಳೆದೊಯ್ದ ಮೇಲೆ ಅವಳು ಬಂದು ಮಿಷನ್ ಆರಿಸಿದಳು.

"ಬಟ್ಟೆ ಇಲ್ದೆ ಓಡಿಸ್ಬೇಡ ಅಂತ ಎಷ್ಟು ಸಲ ಹೇಳಿದೀನಿ," ಅಂದಳು.

"ಕೊನೇಲಿ ನನ್ನ ಅಳತೆ ಯಾಕೆ ಕೂಗ್ದೆ?" ಹನ್ನೊಂದು ದಿನದ ಮೇಲೆ ನಾನು ಆಡಿದ ಮೊದಲ ಮಾತು ಅದು.

"ಪುಸ್ತಕ ನಿನ್ನ ಹತ್ರ ಇತ್ತಲ್ಲೇ. ನನಗೆ ಬಾಯಿಪಾಠ ಬರೋದು ಎರಡೇ. ದಫೇದಾರ್ರದ್ದು ಮುಗಿದುಹೋಗಿತ್ತು."

ಅವಳನ್ನು ತಬ್ಬಿಕೊಂಡೆ. ಕೊರಳಲ್ಲಿ ಟೇಪು ಇನ್ನೂ ನೇತಾಡುತ್ತಿತ್ತು.

"ಆ ಕಾಲರ್ ಸೊಟ್ಟಾನೇ ಇತ್ತಕ್ಕ," ಎಂದೆ.